ಕೈ ತಾಗಿದ ನಾಯಿ

ಕಾವಲುನಾಯಿಯ ಮರಿಯನ್ನು ಮನುಷ್ಯರು ಮುಟ್ಟಬಾರದು. ಅಟ್ಲಾಸ್ ಬೆಟ್ಟದಲ್ಲಿ ಕುರಿ ಸಾಕುವ ನಮ್ಮಂಥವರ ಮನೆಗಳಲ್ಲಿ ಇದು ಹಿಂದಿನಿಂದ ನಡೆದುಬಂದ ಕಟ್ಟಳೆ. ಮರಿ ಕುರಿದೊಡ್ಡಿಯಲ್ಲೇ ಹುಟ್ಟಬೇಕು, ಕುರಿಯ ಹೊಟ್ಟೆಗೊರಗಿಯೇ ಮಲಗಬೇಕು, ಕುರಿಯ ವಾಸನೆಯೇ ತನ್ನ ವಾಸನೆ ಎಂದುಕೊಂಡು ಬೆಳೆಯಬೇಕು. ತಲೆ ಸವರಿದಿರೋ, ಮಡಿಲಿಗೆ ಎತ್ತಿಕೊಂಡಿರೋ, ಕೆಟ್ಟಿತು. ಆಮೇಲೆ ಅದು ಕುರಿ ಬಿಟ್ಟು ಮನುಷ್ಯರ ಹಿಂದೆ ಸುತ್ತುತ್ತದೆ. ನರಿ ಬಂದಾಗ ಹೊಸ್ತಿಲಲ್ಲಿ ನಿದ್ದೆ ಹೊಡೆಯುತ್ತಿರುತ್ತದೆ. ಮೂವತ್ತೆಂಟು ವರ್ಷದ ಹಿಂದೆ ನಾನು ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಅತ್ತೆ ಇದನ್ನು ಕಿವಿ ಹಿಂಡಿ ಹೇಳಿಕೊಟ್ಟಿದ್ದಳು. ನನ್ನ ಸೊಸೆ ಇಜ್ಜಾಗೆ ನಾನು ಹೇಳಿಕೊಟ್ಟೆ. ಕಿವಿ ಹಿಂಡಲಿಲ್ಲ, ನನ್ನ ನಾಲಿಗೆಯೇ ಸಾಕಿತ್ತು.

ನನ್ನ ಹೆಸರು ತೂಡಾ. ತೂಡಾಳದು ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಸುಳ್ಳೇನಲ್ಲ. ಗಂಡ ಸತ್ತು ಹದಿನಾಲ್ಕು ವರ್ಷವಾಯಿತು. ಒಬ್ಬನೇ ಮಗ ಜಾಯಿದ್, ಎಂಬತ್ತು ಕುರಿ, ಈ ಮಣ್ಣಿನ ಮನೆ, ಎಲ್ಲವನ್ನೂ ಬಾಯಿಯ ಜೋರಿನಲ್ಲೇ ನಡೆಸಿಕೊಂಡು ಬಂದೆ. ಈಗ ಹೇಳುತ್ತಿರುವುದನ್ನು ಮಾತ್ರ ಜೋರಾಗಿ ಹೇಳಲು ಆಗುತ್ತಿಲ್ಲ. ಆದರೂ ಹೇಳಿಬಿಡುತ್ತೇನೆ, ಒಳಗಿಟ್ಟುಕೊಂಡರೆ ನನ್ನನ್ನೇ ತಿನ್ನುತ್ತದೆ.

ಹೋದ ವರ್ಷ ವಸಂತದಲ್ಲಿ ನಮ್ಮ ಮನೆಯ ಉಣ್ಣೆ ಕತ್ತರಿಸುವ ದಿನ. ಇದು ನಮ್ಮಲ್ಲಿ ಮುಯ್ಯಾಳಿನ ಕೆಲಸ. ನಿನ್ನೆ ಅವರ ಮನೆಗೆ ನಾವು ಹೋಗಿದ್ದರೆ ಇವತ್ತು ನಮ್ಮ ಮನೆಗೆ ಅವರು. ಹನ್ನೆರಡು ಜನ ಗಂಡಸರು ಕತ್ತರಿ ಹಿಡಿದು ಅಂಗಳದಲ್ಲಿ ಕೂತಿದ್ದರು. ನಾನು ಬೆಳಿಗ್ಗೆಯೇ ಒಂದು ಟಗರು ಕೊಯ್ಸಿ, ದೊಡ್ಡ ಪಾತ್ರೆಯಲ್ಲಿ ಗೋಧಿ ನುಚ್ಚಿನ ಕುಸ್‌ಕುಸ್ ಬೇಯಲಿಟ್ಟಿದ್ದೆ. ಎಂಟು ತಿಂಗಳ ಬಸುರಿ ಇಜ್ಜಾ ಒಲೆಯ ಪಕ್ಕ ಕೂತಿದ್ದವಳು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡಳು. ಒಳಗೆ ಮಲಗಿಸಿ ಸೂಲಗಿತ್ತಿ ರಬ್ಹಾಳನ್ನು ಕರೆಸಿದೆ. ರಬ್ಹಾ ನನ್ನ ಸೋದರತ್ತೆಯೇ. ಒಳಗೆ ಹೋಗಿ ನೋಡಿ ಬಂದವಳು ನನ್ನನ್ನು ಗೋಡೆಯ ಮೂಲೆಗೆ ಎಳೆದಳು.

"ಇದು ನನ್ ಕೈ ಮೀರಿದ್ದು ಕಣೇ. ಮಗು ಅಡ್ಡ ತಿರುಗೈತೆ. ಈಗಿಂದೀಗ್ಲೇ ಕೆಳಗಿನ ಪೇಟೆ ಆಸ್ಪತ್ರೆಗೆ ಸಾಗ್ಸು."

ಊರಿಗೆ ಇದ್ದದ್ದು ಒಂದೇ ಪಿಕಪ್ ಗಾಡಿ. ಅದರ ಯಜಮಾನ ನಮ್ಮ ಅಂಗಳದಲ್ಲೇ ಕುರಿಯೊಂದನ್ನು ಮಂಡಿಗೆ ಒತ್ತಿಕೊಂಡು ಕೂತಿದ್ದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಅವನು ಎದ್ದರೆ ಜಾಯಿದ್ ಏಳುತ್ತಾನೆ, ಜಾಯಿದ್ ಎದ್ದರೆ ಉಳಿದವರೂ ಕತ್ತರಿ ಕೆಳಗಿಟ್ಟು ಮನೆಗೆ ಹೋಗುತ್ತಾರೆ. ಅರ್ಧ ಉಣ್ಣೆ ಕತ್ತರಿಸಿದ ಕುರಿಗಳು ಅಂಗಳದ ತುಂಬ ನಿಲ್ಲುತ್ತವೆ. ಮುಯ್ಯಾಳನ್ನು ಉಣ್ಣಿಸದೆ ಕಳಿಸಿದ ಮನೆ ಎಂದು ಹೆಸರು ಬಂದರೆ ಮುಂದಿನ ವರ್ಷ ಯಾರು ಬರುತ್ತಾರೆ? ಇದೆಲ್ಲ ನನ್ನ ತಲೆಯಲ್ಲಿ ಓಡಿದ್ದು ಒಂದು ಗಳಿಗೆಯಲ್ಲಿ.

"ಚೊಚ್ಚಲ ಅಲ್ವಾ, ನೋವು ಹಂಗೇ ಇರ್ತದೆ. ಊಟ ಒಂದ್ ಆಗ್ಲಿ" ಎಂದೆ.

"ತೂಡಾ, ನಾನು ಹೇಳಿದೀನಿ. ನೆನಪಿರ್ಲಿ."

"ಕೇಳುಸ್ತು ಬಿಡು."

ಊಟ ಆಯಿತು. ಚಹಾ ಆಯಿತು. ಪುದೀನ ಚೆನ್ನಾಗಿದೆ ಎಂದು ಎರಡನೇ ಸಲ ಚಹಾ ಕೇಳಿದರು, ನಗುನಗುತ್ತ ಅದನ್ನೂ ಕಾಯಿಸಿ ಕೊಟ್ಟೆ. ನಡುವೆ ಜಾಯಿದ್ ಬಂದು, "ಅವ್ವಾ, ಅವಳು ಕಿರುಚಿದಂಗಾಯ್ತಲ್ಲ?" ಎಂದು ಕೇಳಿದ್ದ. "ನಿನ್ ಕೆಲ್ಸ ನೋಡ್ಕೋ ಹೋಗು, ಇದು ಹೆಂಗಸರ ವಿಷಯ" ಎಂದು ಅಟ್ಟಿದ್ದೆ. ಗಾಡಿ ಹೊರಟಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಇಳಿಜಾರಿನ ದಾರಿ, ಎರಡು ಗಂಟೆಯ ಪ್ರಯಾಣ. ಆಸ್ಪತ್ರೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಮಗುವಿನ ಎದೆಬಡಿತ ನಿಂತಿತ್ತು. ಹೆಣ್ಣುಮಗು, ತಲೆತುಂಬ ಕೂದಲು.

ರಬ್ಹಾ ಬಾಯಿ ಬಿಡಲಿಲ್ಲ. ಮನೆತನದ ಮಾನ ಎಂದುಕೊಂಡಳೋ ಏನೋ, ಮೂರು ತಿಂಗಳಿಗೆ ಅವಳೂ ತೀರಿಹೋದಳು. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬುಗ್ಗೆಯ ಬಳಿ ನೀರಿಗೆ ಬಂದ ಹೆಂಗಸರು "ಹಂಗ್ಯಾಕಾಯ್ತು ತೂಡಾ?" ಎಂದು ಕೇಳಿದಾಗ, "ಏನ್ ಮಾಡೋದು, ನಮ್ ಸೊಸೆ ಕೈಗುಣವೇ ಹಂಗೆ. ಅವಳು ಹೆಪ್ಪು ಹಾಕಿದ್ ಹಾಲೂ ಒಡೀತದೆ" ಎಂದುಬಿಟ್ಟೆ. ಬಾಯಿಗೆ ಬಂದದ್ದು ಹೊರಬಿತ್ತು. ಹೊರಬಿದ್ದ ಮೇಲೆ ನನಗೇ ಹಾಯೆನಿಸಿತು, ಅದನ್ನೂ ಹೇಳಬೇಕು. ಒಂದು ವಾರದಲ್ಲಿ ಆ ಮಾತು ಊರನ್ನೆಲ್ಲ ಸುತ್ತಿ ಜಾಯಿದನ ಕಿವಿಗೂ ಬಿತ್ತು. ಅವಳ ಕೈ ಹಂಗೇನಾ ಎಂದು ಅವನು ಕೇಳಿದಾಗ ನಾನು ಇಲ್ಲವೆನ್ನಲಿಲ್ಲ.

ಇಜ್ಜಾ ಗೋಡೆಯ ಕಡೆ ಮುಖ ಮಾಡಿ ಕೂತವಳು ಕೂತೇಬಿಟ್ಟಳು. ಮಾತಿಲ್ಲ. ಕೊಟ್ಟರೆ ಎರಡು ತುತ್ತು ತಿನ್ನುವಳು, ಕೊಡದಿದ್ದರೆ ಅದೂ ಇಲ್ಲ. ತಲೆಗೂದಲು ಜಡೆಗಟ್ಟಿತು. ಎಳೆಮಕ್ಕಳಿರುವ ಹೆಂಗಸರು ಅವಳನ್ನು ಕಂಡರೆ ಮಗುವಿನ ಮುಖಕ್ಕೆ ಸೆರಗೆಳೆದುಕೊಂಡು ದಾಟುತ್ತಿದ್ದರು. ಜಾಯಿದ್ ಪೇಟೆಯ ಆರೋಗ್ಯಕೇಂದ್ರಕ್ಕೆ ಕರೆದುಕೊಂಡು ಹೋದ, ಮಾತ್ರೆ ಕೊಟ್ಟರು. ಆಮೇಲೆ ಅವನು ಕುರಿ ಹೊಡೆದುಕೊಂಡು ಬೆಟ್ಟ ಹತ್ತಿದ. ಮನೆಯಲ್ಲಿ ನಾನು, ಅವಳು, ಆ ಗೋಡೆ. ಬೇಸಗೆಯೆಲ್ಲ ಹೀಗೇ ಕಳೆಯಿತು.

ಚಳಿಗಾಲದ ಬಾಯಲ್ಲಿ ಜಾಯಿದ್ ಕುರಿ ಇಳಿಸಿಕೊಂಡು ಬಂದ. ಕಾವಲುನಾಯಿ ದೊಡ್ಡಿಯಲ್ಲಿ ಐದು ಮರಿ ಹಾಕಿತು. ಒಂದು ಮರಿ ಇಲಿಯಷ್ಟೂ ಇರಲಿಲ್ಲ. ತಾಯಿಯೇ ಅದನ್ನು ಮೂತಿಯಿಂದ ಆಚೆ ತಳ್ಳಿತ್ತು. ಅಂಥದ್ದನ್ನು ನಾವು ಹಾಗೇ ಬಿಟ್ಟುಬಿಡುತ್ತೇವೆ. ಮರುದಿನ ಬೆಳಿಗ್ಗೆ ಹಾಲು ಕರೆದು ಒಳಗೆ ಬಂದು ನೋಡುತ್ತೇನೆ, ಇಜ್ಜಾ ಗೋಡೆ ಬಿಟ್ಟು ಒಲೆಯ ಕಡೆ ತಿರುಗಿ ಕೂತಿದ್ದಾಳೆ. ಎದೆಯ ಬಟ್ಟೆಯೊಳಗೆ ಏನೋ ಮಿಸುಕಾಡುತ್ತಿದೆ.

"ಏನೇ ಅದು?"

 ಬಟ್ಟೆ ಸರಿಸಿದರೆ ಆ ಮರಿ.

"ಅಯ್ಯೋ ನಿನ್ನ! ಮುಟ್ಟಿಬಿಟ್ಟೆಯಾ? ಮುಟ್ಬಾರ್ದು ಅಂತ ಎಷ್ಟ್ ಸಲ ಬಡ್ಕೊಂಡಿದೀನಿ! ಕೈ ತಾಗಿದ್ ನಾಯಿ ಯಾವ್ ಕೆಲ್ಸಕ್ಕೆ ಬರ್ತದೆ? ಅದೂ ಮನೆಯೊಳಗೆ! ನಾಯಿ ಇರೋ ಮನೆ ಹೊಸ್ತಿಲನ್ನ ದೇವದೂತರು ತುಳೀತಾರಾ ಇನ್ನು?"

"ಹೆಂಗೂ ಸಾಯ್ತದಲ್ಲ ಅತ್ತೆ" ಎಂದಳು ಇಜ್ಜಾ. "ಸಾಯೋ ತನಕ ಬೆಚ್ಚಗಿರ್ಲಿ."

ಆರು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಕರೆದ ಹಾಲನ್ನು ಅವಳ ಪಕ್ಕವೇ ಇಟ್ಟು ಹೊರಗೆ ಹೋದೆ.

ಮರಿ ಸಾಯಲಿಲ್ಲ. ಸಾಯಲು ಅವಳು ಬಿಡಲಿಲ್ಲ ಎನ್ನಬೇಕು. ಮೇಕೆಯ ಹಾಲಿನಲ್ಲಿ ಬಟ್ಟೆ ಅದ್ದಿ ಗಳಿಗೆಗೊಮ್ಮೆ ಚೀಪಿಸುತ್ತಿದ್ದಳು. ಹಾಲು ಕಾಯಿಸಬೇಕೆಂದರೆ ಅವಳು ಏಳಬೇಕು, ಒಲೆ ಹೊತ್ತಿಸಬೇಕು, ಸೌದೆ ತರಲು ಹೊರಗೆ ಹೋಗಬೇಕು. ಕಾಯಿಸಿದ್ದರಲ್ಲಿ ಉಳಿದದ್ದನ್ನು ತಾನೂ ಕುಡಿಯುತ್ತಿದ್ದಳು. ಬೆಳಕು ಹರಿಯುತ್ತಲೇ ಅದು ತಣ್ಣನೆಯ ಮೂತಿಯನ್ನು ಅವಳ ಕತ್ತಿಗೆ ಒತ್ತುತ್ತಿತ್ತು, ಅವಳು ಎದ್ದು ಕೂರುತ್ತಿದ್ದಳು. ನಾನು ಅದೇ ಕೆಲಸಕ್ಕೆ ದಿನಾ ಅರ್ಧ ಗಂಟೆ ಕೂಗಾಡಿದರೂ ಆಗುತ್ತಿರಲಿಲ್ಲ. ಅಳು ಬಂದಾಗ ಮರಿ ಅವಳ ಪಾದದ ಮೇಲೆ ಧೊಪ್ಪನೆ ಬಿದ್ದುಕೊಳ್ಳುತ್ತಿತ್ತು, ಅಳು ನಿಲ್ಲುವ ತನಕ ಏಳುತ್ತಿರಲಿಲ್ಲ. ಮಾತಾಡಲು ಶುರುಮಾಡಿದ್ದೂ ಅದರ ಜೊತೆಗೇ. ಮೊದಲು ಪಿಸುಮಾತು, ಆಮೇಲೆ ಬೈಗುಳ, ಆಮೇಲೆ ಹಾಡು. ಅದಕ್ಕೆ ಅಗ್ರೂಮ್ ಎಂದು ಹೆಸರಿಟ್ಟಳು. ನಮ್ಮಲ್ಲಿ ರೊಟ್ಟಿಗೆ ಹಾಗೆನ್ನುತ್ತೇವೆ. ಸೀದ ರೊಟ್ಟಿಯ ಬಣ್ಣವೇ ಅದರದು.

ಒಂದು ದಿನ ಅದು ನನ್ನ ಒಂದು ಕಾಲಿನ ಚಪ್ಪಲಿ ಕಚ್ಚಿಕೊಂಡು ಓಡಿತು. ನಾನು ಕೋಲು ಹಿಡಿದು ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಅಟ್ಟಿಸಿಕೊಂಡು ಹೋದೆ. "ನಿನ್ ವಂಶ ಹಾಳಾಗ, ನಿಂತ್ಕೋ!" ಎಂದು ಕೂಗುತ್ತಿದ್ದರೆ ಹಿಂದಿನಿಂದ ನಗು ಕೇಳಿಸಿತು. ತಿರುಗಿ ನೋಡಿದರೆ ಇಜ್ಜಾ ಬಾಗಿಲ ಕಂಬ ಹಿಡಿದುಕೊಂಡು ನಗುತ್ತಿದ್ದಾಳೆ. ಆ ತಿಂಗಳು ಆರೋಗ್ಯಕೇಂದ್ರದ ನರ್ಸಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಾಗಿಲಲ್ಲಿ ಕಾಯುತ್ತಿದ್ದ ಮರಿಯನ್ನೂ ನೋಡಿ ನನಗೆ ಹೇಳಿದಳು: "ನೋಡಮ್ಮ, ಇವಳಿಗೆ ಮಾತ್ರೆನೂ ನಿಲ್ಸಬೇಡ, ಆ ನಾಯಿನೂ ನಿಲ್ಸಬೇಡ. ಎರಡೂ ಕೆಲ್ಸ ಮಾಡ್ತಿದಾವೆ."

"ನಾಯಿ ಔಷಧಿ ಆದ್ರೆ ನೀವೆಲ್ಲ ಯಾಕಮ್ಮ ಓದಿದ್ರಿ?" ಎಂದೆ ನಾನು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಈಗ ಗೊತ್ತು. ಇಜ್ಜಾ ಮಾತಾಡಲು ಶುರುಮಾಡಿದವಳು ಕೇಳಲೂ ಶುರುಮಾಡಿದ್ದಳು. ನಾಯಿಯ ಬೆನ್ನಿನಿಂದ ಮುಳ್ಳು ಕೀಳುತ್ತ, ಸುಮ್ಮನೆ ಏನೋ ನೆನಪಾಯಿತು ಎಂಬಂತೆ, "ಅತ್ತೆ, ಆವತ್ತು ರಬ್ಹಾಜ್ಜಿ ಹೊರಗ್ ಬಂದು ನಿಮ್ ಹತ್ರ ಏನಂದ್ರು?" ಎಂದಳು.  "ಏನಂತಾಳೆ, ಬಿಸಿನೀರು ಕೇಳಿದ್ಳು" ಎಂದೆ. ಎರಡು ದಿನ ಬಿಟ್ಟು ಮತ್ತೆ: "ಬಿಸಿಲು ಇಳಿಯೋ ತನಕ ಯಾಕೆ ತಡ ಆಯ್ತು ಅತ್ತೆ? ಗಾಡಿ ಇರ್ಲಿಲ್ವಾ?" ಗೋಡೆಯ ಕಡೆ ಮುಖ ಮಾಡಿದ್ದವಳಿಂದ ನನಗೆ ಭಯವಿರಲಿಲ್ಲ. ತಲೆ ಬಾಚಿ, ಹೊಟ್ಟೆತುಂಬ ಉಂಡು, ನೆಟ್ಟಗೆ ನನ್ನ ಮುಖ ನೋಡುವವಳಿಂದ ಭಯವಾಯಿತು.

ಅಷ್ಟರಲ್ಲಿ ವಸಂತ ಬಂತು, ಜಾಯಿದ್ ಕುರಿಗಳನ್ನೂ ಉಳಿದ ನಾಯಿಗಳನ್ನೂ ಕರೆದುಕೊಂಡು ಮತ್ತೆ ಬೆಟ್ಟ ಹತ್ತಿದ. ದೊಡ್ಡಿಗೆ ನರಿ ನುಗ್ಗಿ, ಮನೆಯಲ್ಲುಳಿದಿದ್ದ ಎಳೆ ಕುರಿಮರಿಗಳಲ್ಲಿ ಎರಡನ್ನು ಕೊಂಡೊಯ್ದಿತು. ಅಗ್ರೂಮ್ ಆಗ ಮನೆಯೊಳಗೆ ಇಜ್ಜಾಳ ಕಾಲಬುಡದಲ್ಲಿ ಮಲಗಿತ್ತು. "ತೂಡಾ, ನಿನ್ ಮನೇಲಿ ಕಾವಲುನಾಯಿಗೆ ದಿಂಬೂ ಕೊಡ್ತೀರಂತೆ, ಹೌದಾ?" ಎಂದು ನೆರೆಯವಳು ಬುಗ್ಗೆಯ ಬಳಿ ಹಂಗಿಸಿದಳು. ಹೆಂಗಸರೆಲ್ಲ ಕಿಸಕ್ಕೆಂದರು. ನನಗೆ ಬೇಕಾಗಿದ್ದ ನೆವ ಸಿಕ್ಕಿತು. ಇಜ್ಜಾ ಕಟ್ಟಿಗೆಗೆ ಹೋಗಿದ್ದ ಹೊತ್ತು ನೋಡಿ ನಾಯಿಯ ಕೊರಳಿಗೆ ಹಗ್ಗ ಹಾಕಿ ವಾರದ ಸಂತೆಗೆ ಎಳೆದುಕೊಂಡು ಹೋದೆ. ಕಣಿವೆಯ ಆಚೆಯ ಕುರಿಗಾಹಿ ಉಚ್ಚೆನ್ ಎಂಬವನಿಗೆ ಸುಮ್ಮನೆ ಕೊಟ್ಟುಬಿಟ್ಟೆ. ಕುರಿಗಾಗಿ ಮಾಡಿದೆ, ಮನೆಗಾಗಿ ಮಾಡಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದಾಗ ಕೂಗಿ ಹುಡುಕಿ ಇಜ್ಜಾಳ ಧ್ವನಿ ಬಿದ್ದುಹೋಗಿತ್ತು. ಆಗ ನಾನು ಹೇಳಿದ ಸುಳ್ಳು ಇದು: "ಹುಡುಕ್ಬೇಡ ಕಣಮ್ಮ. ಮೇಲಿನ ಹಳ್ಳದಲ್ಲಿ ನರಿಗಳು ಹರಿದು ಹಾಕಿದ್ವು. ನಾನೇ ಕಣ್ಣಾರೆ ಕಂಡು ಮಣ್ಣು ಮುಚ್ಚಿ ಬಂದೆ."

ಅಳುತ್ತಾಳೆ, ಎರಡು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ತನ್ನ ಎರಡೂ ಅಂಗೈಯನ್ನು ಬಿಡಿಸಿ ನೋಡಿಕೊಂಡಳು.

"ನೀವು ಹೇಳಿದ್ದೇ ಸರಿ ಅತ್ತೆ. ನಾನು ಮುಟ್ಬಾರ್ದಾಗಿತ್ತು. ಕುರಿ ಜೊತೆ ಬೆಳೆದಿದ್ರೆ ನರಿ ಜೊತೆ ಹೊಡೆದಾಡೋದು ಕಲೀತಿತ್ತು. ನನ್ ಕೈ ತಾಗಿ ಅದೂ ಹೋಯ್ತು."

ಅದೂ ಎಂದಳು. ಮಗುವೂ ತನ್ನ ಕೈಯಿಂದಲೇ ಹೋಯಿತೆಂದು ಅವಳು ನಂಬಿದ್ದಳು. ಆದರೂ ಬಾಯಿ ಬಿಡಲಿಲ್ಲ ನಾನು, ಪಾಪಿ.

ಅಂದಿನಿಂದ ಅವಳು ಕೈಗಳಿಗೆ ಬಟ್ಟೆ ಸುತ್ತಿಕೊಂಡಳು. ಹಿಟ್ಟು ಮುಟ್ಟಲಿಲ್ಲ, ಹಾಲಿನ ಪಾತ್ರೆ ಮುಟ್ಟಲಿಲ್ಲ, ಕುರಿಮರಿ ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದಳು. ಮೊದಲು ಗೋಡೆಯ ಕಡೆ ಕೂತಿದ್ದಾಗಲಾದರೂ ಅವಳು ಮನೆಯಲ್ಲಿದ್ದಳು. ಈಗ ಕಣ್ಣುತಪ್ಪಿಸಿ ಎಲ್ಲೆಲ್ಲೋ ಹೋಗಿ ನಿಲ್ಲುತ್ತಿದ್ದಳು. ಹತ್ತನೆಯ ದಿನ ಮಧ್ಯಾಹ್ನ ಅವಳು ಕಾಣಿಸದೆ ಹುಡುಕಿಕೊಂಡು ಹೋದರೆ, ಹೊಳೆಯ ಮೇಲಿನ ಬಂಡೆಯ ಅಂಚಿನಲ್ಲಿ ನಿಂತಿದ್ದಾಳೆ. ಕಾಲ್ಬೆರಳು ಬಂಡೆಯಿಂದ ಆಚೆ. ಕೆಳಗೆ ಹಿಮ ಕರಗಿದ ನೀರು ಭೋರೆನ್ನುತ್ತಿತ್ತು. ಕೂಗಿದರೆ ಬೆದರಿ ಬಿದ್ದಾಳೆಂದು ನಾನು, ಊರಿಗೆಲ್ಲ ಕೇಳುವಂತೆ ಕೂಗುವ ನಾನು, ಬಾಯಿ ಮುಚ್ಚಿಕೊಂಡು ಮಂಡಿಯೂರಿ ತೆವಳಿಕೊಂಡು ಹೋಗಿ ಅವಳ ಸೊಂಟ ಹಿಡಿದು ಹಿಂದಕ್ಕೆ ಎಳೆದೆ.

"ಬಿಡಿ ಅತ್ತೆ" ಎಂದಳು. "ಮುಟ್ಬೇಡಿ. ನಿಮಗೂ ಏನಾದ್ರೂ ಆಗ್ತದೆ."

ನನಗೆ! ನನಗೇನಾದರೂ ಆದೀತೆಂದು ಅವಳಿಗೆ ಚಿಂತೆ!

ಮರುದಿನ ಅವಳನ್ನು ಊರಲ್ಲೇ ಇದ್ದ ಅವಳ ಚಿಕ್ಕಮ್ಮನ ಕಾವಲಿಗೆ ಒಪ್ಪಿಸಿ, ಹೇಸರಗತ್ತೆ ಏರಿ ಕಣಿವೆ ದಾಟಿದೆ. ಇಜ್ಜಾಳ ಹಳೆಯ ತಲೆಬಟ್ಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಉಚ್ಚೆನನ ಬಿಡಾರ ಸಿಕ್ಕಾಗ ಬಿಸಿಲು ನೆತ್ತಿಗೇರಿತ್ತು. ಅವನು ನನ್ನನ್ನು ಕಂಡವನೇ ನಗಲು ಶುರುಮಾಡಿದ.

"ಬಾರಮ್ಮ ಬಾ! ಎಂಥಾ ನಾಯಿ ಕೊಟ್ಟೆ ತಾಯಿ ನನಗೆ! ಕುರಿ ಕಡೆ ಬೆನ್ನು ಹಾಕಿ ಮಲಗ್ತದೆ. ನನ್ ಹೆಂಡ್ತಿ ಬಟ್ಟೆ ಒಗೆಯೋಕೆ ಹೋದ್ರೆ ಪಕ್ಕ ಕೂತು ಮುಖ ನೋಡ್ತದೆ. ಇದೇನು ಕಾವಲುನಾಯಿಯೋ, ಮುನಿಸ್ಕೊಂಡು ತವರಿಗೆ ಬಂದಿರೋ ಮಗಳೋ?"

"ವಾಪಸ್ ಕೊಡ್ತೀಯಾ?"

"ಕೊಡೋದೇನು, ದಾನ ಮಾಡ್ತೀನಿ! ಮೂರು ದಿನದಿಂದ ಅನ್ನನೀರು ಬಿಟ್ಟೈತೆ. ಇಲ್ಲಿ ಸತ್ರೆ ಆ ಪಾಪ ನನಗ್ಯಾಕೆ?"

ಅಗ್ರೂಮ್ ಕಲ್ಲಿನ ನೆರಳಲ್ಲಿ ಬಿದ್ದಿತ್ತು. ಎಲುಬು ಎಣಿಸಬಹುದಿತ್ತು. ನನ್ನನ್ನು ಕಂಡು ತಲೆ ಎತ್ತಿತು, ಗುರುತು ಹಿಡಿಯಿತು, ಮತ್ತೆ ತಲೆ ಕೆಳಗಿಟ್ಟಿತು. ನನ್ನ ಹಗ್ಗದ ಜೊತೆ ಒಮ್ಮೆ ಬಂದು ಅದಕ್ಕೆ ಬುದ್ಧಿ ಬಂದಿತ್ತು. ತಲೆಬಟ್ಟೆಯನ್ನು ಅದರ ಮೂತಿಯ ಮುಂದೆ ಹಿಡಿದೆ. ಮೂಸಿತು. ಆಮೇಲೆ ಅದರ ಗಂಟಲಿನಿಂದ ಬಂದ ಸದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಹುಟ್ಟಿದಾಗಿನಿಂದ ನಾಯಿಗಳ ನಡುವೆ ಬದುಕಿದವಳು ನಾನು, ಅಂಥ ಸದ್ದು ಕೇಳಿರಲಿಲ್ಲ. ಹಗ್ಗ ಬೇಕಾಗಲಿಲ್ಲ. ದಾರಿಯುದ್ದಕ್ಕೂ ಅದು ಹೇಸರಗತ್ತೆಗಿಂತ ಮುಂದೆ ಓಡಿತು, ತಿರುಗಿ ನಿಂತು ಬೇಗ ಬಾ ಎನ್ನುವಂತೆ ಬೊಗಳಿತು.

ನಾನು ಹಿಂದೆ ಕೂತು ಹೊಸ ಸುಳ್ಳು ಹೆಣೆಯುತ್ತಿದ್ದೆ.

ಅಂಗಳದ ಬಾಗಿಲಿಗೆ ಬರುವ ಮೊದಲೇ ಇಜ್ಜಾ ಬೊಗಳು ಕೇಳಿ ಹೊರಗೆ ಓಡಿಬಂದಿದ್ದಳು. ನಾಯಿ ಅವಳ ಎದೆಗೆ ಹಾರಿತು, ಇಬ್ಬರೂ ಮಣ್ಣಿಗೆ ಬಿದ್ದರು. ಬಟ್ಟೆ ಸುತ್ತಿದ ಕೈಗಳನ್ನು ಅವಳು ದೂರ ಹಿಡಿದುಕೊಂಡೇ ಇದ್ದಳು. ಅಗ್ರೂಮ್ ಆ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಎಳೆಯಿತು, ಅದಕ್ಕೆ ಅದೊಂದು ಆಟ. ಎಳೆದೆಳೆದು ಬಟ್ಟೆ ಬಿಚ್ಚಿಹೋಯಿತು. ಅಂಗೈ ನೆಕ್ಕಿತು. ಆಗ ಅವಳು ಅತ್ತಳು, ಬಾಯಿಬಿಟ್ಟು ಅತ್ತಳು. ಒಂದು ವರ್ಷದ ಅಳು ಅದು. ನೋಡುತ್ತ ನಿಂತ ಅವಳ ಚಿಕ್ಕಮ್ಮನೂ ಅತ್ತಳು.

"ಕಣಿವೆ ಆಚೆ ಒಬ್ಬ ಕುರಿಗಾಹಿ ಹತ್ರ ಸಿಕ್ತು" ಎಂದೆ. "ನಾನು ಮಣ್ಣು ಮುಚ್ಚಿದ್ದು ಬೇರೆ ಯಾವ್ದೋ ನಾಯಿಗಿರ್ಬೇಕು. ನನ್ ಕಣ್ಣೂ ಮಂಜಾಯ್ತು ನೋಡು."

ಇಜ್ಜಾ ಎದ್ದು ಬಂದು ನನ್ನ ಕೈ ಹಿಡಿದು ಮುತ್ತಿಟ್ಟಳು. "ನನಗೋಸ್ಕರ ಬೆಟ್ಟ ದಾಟಿದ್ರಲ್ಲ ಅತ್ತೆ" ಎಂದಳು. ಮರುದಿನ ಬುಗ್ಗೆಯ ಬಳಿ ಹೆಂಗಸರು ನನಗೆ ದಾರಿ ಬಿಟ್ಟುಕೊಟ್ಟರು. ಅತ್ತೆ ಅಂದ್ರೆ ತೂಡಾ ಥರ ಇರ್ಬೇಕು ಎಂದರು.  ಕೊಡ ಅರ್ಧ ತುಂಬಿದ್ದನ್ನೇ ಎತ್ತಿಕೊಂಡು ಮನೆಗೆ ಬಂದೆ.

ಇಜ್ಜಾ ಮತ್ತೆ ಉಣ್ಣತೊಡಗಿದಳು, ನಾಯಿಯನ್ನು ಕರೆದುಕೊಂಡು ಇಳಿಜಾರಿನಲ್ಲಿ ತಿರುಗಾಡತೊಡಗಿದಳು. ಆದರೆ ಹಿಟ್ಟು ಮಾತ್ರ ಮುಟ್ಟಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಜವೆಗೋಧಿ ಹಿಟ್ಟು ನಾದುತ್ತಿದ್ದೆ. ಅವಳು ಬಿಸಿಲಲ್ಲಿ ಕೂತು ಅಗ್ರೂಮನ ಕಿವಿಯಿಂದ ಉಣ್ಣಿ ಕೀಳುತ್ತಿದ್ದಳು. ಅದು ಅವಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತ್ತು.

"ಇದು ಬದುಕಿ ಬಂತು ಅಂದ್ರೆ ನನ್ ಕೈ ಪೂರ್ತಿ ಕೆಟ್ಟದ್ದೇನಲ್ಲ ಅನ್ಸುತ್ತೆ ಅತ್ತೆ" ಎಂದಳು. "ನಾಯಿಗೆ ಆಗ್ತದೆ ಈ ಕೈ. ಮನುಷ್ಯರಿಗೆ ಆಗಲ್ಲ. ಅಷ್ಟೇ ಅಂದ್ಕೊಂಡು ಇದ್ದುಬಿಡ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

ನಗುತ್ತಲೇ ಹೇಳಿದಳು. ಸಮಾಧಾನದಿಂದ ಹೇಳಿದಳು. ಇಪ್ಪತ್ತಮೂರು ವರ್ಷದ ಹುಡುಗಿ, ನಾನು ಬುಗ್ಗೆಯ ಬಳಿ ಉಗುಳಿದ ಮಾತನ್ನು ಜೀವಮಾನವಿಡೀ ಹೊತ್ತುಕೊಂಡಿರಲು ತಯಾರಾಗಿ ಕೂತಿದ್ದಳು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಈಗ ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಇಜ್ಜಾ, ನಾಯೀನ ನಾನೇ ಸಂತೇಲಿ ಕೊಟ್ಟಿದ್ದೆ. ನರಿ ಗಿರಿ ಎಲ್ಲ ಸುಳ್ಳು."

ಅವಳ ಬೆರಳು ನಾಯಿಯ ಕಿವಿಯಲ್ಲಿ ಆಡುತ್ತಲೇ ಇತ್ತು. "ಗೊತ್ತು" ಎಂದಳು. "ಎಂಬತ್ತು ಕುರೀಲಿ ಒಂದು ಕುಂಟಿದ್ರೂ ನಿಮ್ ಕಣ್ಣಿಗೆ ದೂರದಿಂದ್ಲೇ ಕಾಣುಸ್ತದೆ. ಯಾವ ನಾಯಿಗೆ ಮಣ್ಣು ಮುಚ್ಚಿದ್ರಿ ಅಂತ ಗೊತ್ತಾಗ್ಲಿಲ್ವಾ ನಿಮಗೆ? ಆದ್ರೂ ವಾಪಸ್ ತಂದ್ರಲ್ಲ ಅಂತ ಸುಮ್ನಾದೆ."

"ಇನ್ನೊಂದೈತೆ."

ಈಗ ಬೆರಳು ನಿಂತಿತು. ಅವಳ ಮುಖ ನೋಡಲಾಗದೆ ಹಿಟ್ಟನ್ನೇ ನೋಡುತ್ತ ಎಲ್ಲ ಹೇಳಿದೆ. ರಬ್ಹಾ ಅಂದದ್ದು, ನಾನು ಅಂದದ್ದು, ಊಟ, ಚಹಾ, ಎರಡನೇ ಸಲದ ಚಹಾ. ಜಾಯಿದನನ್ನು ಅಟ್ಟಿದ್ದು. ಬುಗ್ಗೆಯ ಬಳಿ ಆಡಿದ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ ಎಂಬುದನ್ನೂ ಹೇಳಿದೆ. "ನಿನ್ ಕೈ ಅಲ್ಲ ಕಣಮ್ಮ. ನಿನ್ ಕೈಯಲ್ಲಿ ಏನೂ ಇಲ್ಲ. ನಾನು ಮಾಡಿದ್ದು" ಎಂದೆ.

ಅವಳು ಕಿರುಚುತ್ತಾಳೆ, ಹಿಟ್ಟಿನ ಪಾತ್ರೆ ಎತ್ತಿ ನನ್ನ ಮೇಲೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಸೆದಿದ್ದರೆ ಹಾಯೆನಿಸುತ್ತಿತ್ತು. ಅವಳು ಬಗ್ಗಿ ನಾಯಿಯ ಕತ್ತಿನೊಳಗೆ ಮುಖವಿಟ್ಟಳು. ಬೆನ್ನು ಒಂದೇ ಸಮನೆ ಅದುರುತ್ತಿತ್ತು. ಅಗ್ರೂಮ್ ಅಲುಗಾಡಲಿಲ್ಲ. ಕಣ್ಣು ತೆರೆದು ನನ್ನ ಕಡೆ ನೋಡುತ್ತ, ಅವಳ ಭಾರವನ್ನು ಹೊತ್ತುಕೊಂಡು ಹಾಗೇ ಇತ್ತು.  ನಾದಿದ ಹಿಟ್ಟು ಒಣಗಿ ಸಿಪ್ಪೆಗಟ್ಟಿತು.

ಕೊನೆಗೆ ತಲೆ ಎತ್ತಿದಳು. "ನಾಳೆ ಅವರು ಕುರಿ ಉಪ್ಪಿಗೆ ಅಂತ ಬೆಟ್ಟದಿಂದ ಕೆಳಗ್ ಬರ್ತಾರೆ. ಇದನ್ನ ಅವರಿಗೆ ನೀವೇ ಹೇಳ್ಬೇಕು."

"ಇಜ್ಜಾ..."

"ಒಂದ್ ವರ್ಷ ಆಯ್ತು ಅತ್ತೆ, ಅವರು ನನ್ ಕೈ ಹಿಡಿದು. ಚಹಾ ಕೊಟ್ರೆ ನೆಲದ ಮೇಲಿಡು ಅಂತಾರೆ. ನಾನು ಹೇಳಿದ್ರೆ ನಂಬಲ್ಲ. ನೀವೇ ಹೇಳಿ."

ನನ್ನ ಮಗ! ನಾನು ಹೆತ್ತವನು, ನನ್ನ ಮಾತನ್ನು ಯಾವತ್ತೂ ಮೀರದವನು. ಅವನು ಅಷ್ಟು ಚೆನ್ನಾಗಿ ನನ್ನ ಮಾತು ಕೇಳಿದ್ದನೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಜಾಯಿದ್ ಬಂದ. ಉಪ್ಪಿನ ಚೀಲ ಕಟ್ಟುತ್ತಿದ್ದವನ ಎದುರು ಕೂತು ಹೇಳಿದೆ. ಬೆಳಗಿನಿಂದ ನೂರು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದರೂ ಮಾತು ತಡವರಿಸಿತು. ಅವನು ಅರ್ಧಕ್ಕೆ ತಡೆಯಲಿಲ್ಲ, ಪೂರ್ತಿ ಕೇಳಿದ. ಚೀಲ ಅಲ್ಲೇ ಬಿಟ್ಟು ಹೊರಗೆ ಹೋದ. ಇಜ್ಜಾ ಗೋಡೆಯ ನೆರಳಲ್ಲಿ ನಾಯಿಯ ಜೊತೆ ಕೂತಿದ್ದಳು. ಅವನು ಹತ್ತಿರ ಹೋದಾಗ ಅಗ್ರೂಮ್ ಗುರ್ರೆಂದು ನಡುವೆ ಬಂದು ನಿಂತಿತು. ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ನಾಯಿ ಒಪ್ಪಿ ಮಲಗುವ ತನಕ ಕಾದ. ಆಮೇಲೆ ಅದರ ಬೆನ್ನಿನ ಮೇಲಿಂದ ಕೈಚಾಚಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅವನ ಹೆಗಲು ಅಲುಗುತ್ತಿತ್ತು.

ತುಂಬ ಹೊತ್ತಿನ ಮೇಲೆ ಒಳಗೆ ಬಂದು ಬಾಗಿಲಲ್ಲೇ ನಿಂತ. ಬೈಯಲಿಲ್ಲ.

"ಅವ್ವಾ, ಆವತ್ ಕತ್ತರಿಸಿದ್ವಲ್ಲ, ಆ ಉಣ್ಣೇಲಿ ಏನ್ ಮಾಡ್ದೆ?"

 ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗವಿರಲಿಲ್ಲ.

"ಕಂಬಳಿ ನೇಯ್ದೆ" ಎಂದೆ. "ನೀವಿಬ್ರೂ ಹೊದೀತಿರೋ ಕಂಬಳಿ."

ಅವನು ಕೋಣೆಗೆ ಹೋಗಿ ಅದನ್ನು ಎತ್ತಿಕೊಂಡು ಬಂದು, ಮಡಿಚಿ, ಅಂಗಳದಲ್ಲಿ ನಾಯಿಗೆ ಹಾಸಿದ. ಅಗ್ರೂಮ್ ಈಗ ಅದರ ಮೇಲೆಯೇ ಮಲಗುತ್ತದೆ. ದಿನಾ ಬೆಳಿಗ್ಗೆ ಇಜ್ಜಾ ಅದನ್ನು ಕೊಡವಿ ಬಿಸಿಲಿಗೆ ಹಾಕುತ್ತಾಳೆ, ಹಾಡಿಕೊಳ್ಳುತ್ತ ರೊಟ್ಟಿ ತಟ್ಟುತ್ತಾಳೆ. ಮೂರು ತಿಂಗಳು ಕೂತು ನೇಯ್ದ ಕಂಬಳಿ, ಅಂಚಿಗೆ ಕೆಂಪು ಎಳೆ ಹಾಕಿದ್ದೆ. ಮಣ್ಣಾಗುತ್ತಿದೆ. ಒಂದು ಕಾಲದಲ್ಲಿ ಇಂಥದ್ದಕ್ಕೆ ಊರು ಒಂದು ಮಾಡುತ್ತಿದ್ದೆ ನಾನು. ಈಗ ನೋಡಿ ಸುಮ್ಮನೆ ಒಳಗೆ ಹೋಗುತ್ತೇನೆ.